ಕಾಲು ಎಣಿಸಿ ಕೀಟ, ಜೇಡ, ಏಡಿ ಗುರುತಿಸೋದು ಎಲ್ಲಿವರೆಗೆ ಸರಿ?

ಸೊರಬದ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಹೇಳಿಕೊಡುತ್ತೇನೆ. ಈಗ ಸಂಧಿಪದಿಗಳ, ಅಂದರೆ ಗೆಣ್ಣುಗಾಲಿನ ಪ್ರಾಣಿಗಳ ಪಾಠ ನಡೆಯುತ್ತಿದೆ. ಮಾಮೂಲಿ ಸೂತ್ರ ಗೊತ್ತಲ್ವಾ? ಆರು ಕಾಲಿದ್ದರೆ ಕೀಟ, ಎಂಟಿದ್ದರೆ ಜೇಡ-ಚೇಳಿನ ಬಳಗ, ಹತ್ತಿದ್ದರೆ ಏಡಿ-ಸೀಗಡಿ, ಎಣಿಸಿ ಮುಗಿಯದಿದ್ದರೆ ಜರಿ ಅಥವಾ ಸಹಸ್ರಪದಿ. ಮನೆ ಹತ್ತಿರ ಸಿಕ್ಕಿದ್ದನ್ನು ಡಬ್ಬಿಯಲ್ಲಿ ಹಾಕಿಕೊಂಡು ಬನ್ನಿ, ಎಣಿಸೋಣ ಅಂದೆ.

ಮಕ್ಕಳು ತಂದದ್ದರಲ್ಲಿ ಅರ್ಧ ಈ ಸೂತ್ರಕ್ಕೆ ಸಿಗುತ್ತಿಲ್ಲ. ನಿಂಬೆ ಗಿಡದ ಹಸಿರು ಹುಳಕ್ಕೆ 16 ಕಾಲು. ದನದ ಕಿವಿಯಿಂದ ತೆಗೆದ ಉಣುಗಿನ ಜೊತೆ ಪುಟ್ಟ ಮರಿಗಳೂ ಇದ್ದವು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ದೊಡ್ಡದಕ್ಕೆ ಎಂಟು ಕಾಲು, ಮರಿಗೆ ಆರೇ! ಇನ್ನು ಮುಟ್ಟಿದರೆ ಉಂಡೆಯಾಗುವ ಹುಳ ಎರಡು ಬಂದಿವೆ. ಒಂದು ಹೂಕುಂಡದ ಕೆಳಗಿನದು, ಬಟಾಣಿಗಿಂತ ಚಿಕ್ಕದು. ಇನ್ನೊಂದು ಅಡಿಕೆ ತೋಟದ್ದು, ಸುತ್ತಿಕೊಂಡರೆ ದೊಡ್ಡ ಗೋಲಿಯಷ್ಟು. ಎರಡೂ ಒಂದೇ ಜಾತಿ ಅಂತ ಮಕ್ಕಳ ವಾದ.

ಹುಳದ ಬೆಳವಣಿಗೆ, ರೂಪಾಂತರ ಎಲ್ಲ ವಿವರಿಸಬಲ್ಲೆ. ಆದರೆ ಮಕ್ಕಳ ಕೈಗೆ ಕೊಡುವುದಕ್ಕೆ ಇದಕ್ಕಿಂತ ಗಟ್ಟಿ ಗುರುತು ಏನಾದರೂ ಇದೆಯೇ?

ಹುಳದ ಹಿಂದೆ

ಮೇಷ್ಟ್ರೇ, ಮೊದಲು ಒಂದು ಮಾತು. ಉಣುಗನ್ನು ಮಕ್ಕಳ ಕೈಯಲ್ಲಿ ತರಿಸಬೇಡಿ, ಅದರಲ್ಲೂ ನಿಮ್ಮ ತಾಲೂಕಿನಲ್ಲಿ. ಕಾರಣ ನಿಮಗೆ ಗೊತ್ತೇ ಇರುತ್ತದೆ.

ಸೂತ್ರ ಪೂರ್ತಿ ಸುಳ್ಳೇನಲ್ಲ. ಬೆಳೆದ ಪ್ರಾಣಿಗಳಲ್ಲಿ ಬಹಳಷ್ಟು ಕಡೆ ನಡೆಯುತ್ತದೆ. ತೊಂದರೆ ಏನೆಂದರೆ, ಸಂಧಿಪದಿಗಳ ದೇಹದಲ್ಲಿ ಎಲ್ಲಕ್ಕಿಂತ ಜಾಸ್ತಿ ಬದಲಾಗಿರುವುದೇ ಕಾಲು. ಮೂಲದಲ್ಲಿ ಇವೆಲ್ಲ ತುಂಡುತುಂಡಾದ ಉದ್ದ ಮೈಯ ಪ್ರಾಣಿಗಳು. ಹೆಚ್ಚುಕಡಿಮೆ ಪ್ರತಿ ತುಂಡಿಗೂ ಒಂದು ಜೊತೆ ಕಾಲು. ಆಮೇಲೆ ಒಂದೊಂದು ವಂಶ ಒಂದೊಂದು ದಾರಿ ಹಿಡಿಯಿತು. ಮುಂದಿನ ಕಾಲುಗಳು ಕೆಲವರಲ್ಲಿ ದವಡೆಯಾದವು, ಕೆಲವರಲ್ಲಿ ಮೀಸೆ (ಆಂಟೆನಾ) ಆದವು, ಇಕ್ಕಳವಾದವು. ಹಿಂದಿನವು ಕೆಲವರಲ್ಲಿ ಮಾಯವಾದವು. ಹಾಗಾಗಿ ಎಷ್ಟು ಉಳಿದಿವೆ ಅಂತ ಎಣಿಸುವುದಕ್ಕಿಂತ, ಮುಂದಿನ ಜೋಡಿಗಳು ಏನಾಗಿವೆ ಅಂತ ನೋಡುವುದು ಒಳ್ಳೆಯದು.

ಶುರುವಿಗೆ ಮೀಸೆ ಸಾಕು. ಒಂದೂ ಮೀಸೆ ಇಲ್ಲದಿದ್ದರೆ ಅದು ಜೇಡ, ಚೇಳು, ಉಣುಗು, ನುಸಿಗಳ ಬಳಗ. ಒಂದು ಜೊತೆ ಇದ್ದರೆ ಕೀಟ, ಇಲ್ಲವೇ ಜರಿ-ಸಹಸ್ರಪದಿ. ಇವೆರಡರಲ್ಲಿ ಯಾವುದು ಅಂತ ಮೈ ನೋಡಿದರೆ ತಿಳಿಯುತ್ತದೆ: ಕೀಟಕ್ಕೆ ತಲೆ, ಎದೆ, ಹೊಟ್ಟೆ ಬೇರೆಬೇರೆ, ಕಾಲು ಎದೆಯಲ್ಲಿ ಮಾತ್ರ. ಜರಿಗೆ ತಲೆ ಬಿಟ್ಟರೆ ಉಳಿದಿದ್ದೆಲ್ಲ ಕಾಲಿರುವ ಒಂದೇ ಉದ್ದ ಮೈ. ಎರಡು ಜೊತೆ ಮೀಸೆ ಇದ್ದರೆ ಏಡಿ-ಸೀಗಡಿ ಬಳಗ.

ಈಗ ಇಕ್ಕಳ ನೋಡಿ. ಏಡಿಯ ಕೊಂಬು ನಿಜವಾಗಿಯೂ ಕಾಲು. ಅದನ್ನು ಸೇರಿಸಿಯೇ ಹತ್ತು. ಚೇಳಿನ ಕೊಂಬು ಕಾಲಲ್ಲ. ಅದು ಬಾಯಿಯ ಪಕ್ಕದ ಅಂಗ. ಜೇಡಕ್ಕೂ ಅದು ಇದೆ, ಆದರೆ ಚಿಕ್ಕದು. ಚೇಳಿನ ಕೊಂಬು ಬಿಟ್ಟು ಎಣಿಸಿದರೆ ಸರಿಯಾಗಿ ಎಂಟು ಸಿಗುತ್ತದೆ. ಜರಿಯದು ಇನ್ನೂ ಮಜಾ. ಜರಿ ಕಚ್ಚಿತು ಅನ್ನುತ್ತೇವಲ್ಲ, ಅದು ಬಾಯಿಂದ ಕಚ್ಚುವುದೇ ಇಲ್ಲ. ತಲೆಯ ಕೆಳಗೆ ಮಡಚಿಕೊಂಡಿರುವ ಮೊದಲ ಜೊತೆ ಕಾಲು ವಿಷದ ಕೊಕ್ಕೆಗಳಾಗಿವೆ, ಚುಚ್ಚುವುದು ಅವುಗಳಿಂದ.

ನಿಂಬೆ ಗಿಡದ ಹುಳಕ್ಕೆ ಬಂದರೆ, 16ರಲ್ಲಿ ತಲೆಯ ಹಿಂದಿನ ಆರು ಮಾತ್ರ ಗೆಣ್ಣಿರುವ ನಿಜವಾದ ಕಾಲು. ಹಿಂದಿನ ಹತ್ತು ಬರೀ ಮಾಂಸದ ಗುಬಟು, ತುದಿಯಲ್ಲಿ ಸಣ್ಣ ಕೊಕ್ಕೆಗಳಿರುತ್ತವೆ. ಚಿಟ್ಟೆಯಾಗುವಾಗ ಆ ಹತ್ತೂ ಇರುವುದಿಲ್ಲ.

ಜಯನಗರ ಕಾಕಾ

ಇಷ್ಟೆಲ್ಲಾ ಯಾಕೆ ಸ್ವಾಮಿ? ಹದಿನಾಲ್ಕು ವರ್ಷದ ಮಕ್ಕಳಿಗೆ ಕಾಲು ಎಣಿಸೋದು ಸಾಕು. ಮೀಸೆ ನೋಡಬೇಕೆಂದರೆ ಭೂತಗನ್ನಡಿ ಬೇಕು. ಆರು ಅಂದರೆ ಕೀಟ, ಎಂಟು ಅಂದರೆ ಜೇಡ. ನೂರಕ್ಕೆ 95 ಕಡೆ ಸರಿಹೋಗುತ್ತದೆ. ಉಳಿದದ್ದು ಕಾಲೇಜಿಗೆ ಹೋದವರು ಕಲಿತುಕೊಳ್ಳುತ್ತಾರೆ. ಯಾರಿಗೇನು ನಷ್ಟ?

ಬ್ಯಾಡಗಿ ಬಸು

ನಷ್ಟ ನನಗಾಗಿದೆ ಕಾಕಾ. ಹೇಳ್ತೀನಿ ಕೇಳ್ರಿ.

ಮೆಣಸಿನಕಾಯಿ ಗಿಡದ ಎಲೆ ಮುದುಡಲಿಕ್ಕೆ ಶುರುವಾಯಿತು. ಔಷಧಿ ಅಂಗಡಿಗೆ ಒಂದು ಟೊಂಗೆ ಮುರಿದುಕೊಂಡು ಹೋದೆ. ಅಂಗಡಿಯವರು ತಿರುಗಿಸಿಯೂ ನೋಡಲಿಲ್ಲ, 'ಹುಳಾ ಹತ್ಯಾವ' ಅಂತ ಕೀಟನಾಶಕ ಕೊಟ್ಟರು. ಹೊಡೆದೆ. ಹೋಗಲಿಲ್ಲ. ಮತ್ತೆ ಹೋದರೆ ಇನ್ನೂ ತುಟ್ಟಿದು ಕೊಟ್ಟರು. ಅದನ್ನೂ ಹೊಡೆದ ಮೇಲೆ ಕಡಿಮೆಯಾಗುವುದು ಬಿಟ್ಟು ಜಾಸ್ತಿಯಾಯಿತು. ಎಲೆ ಕೆಳಗೆ ಮುದುಡಿ, ತೊಟ್ಟು ಉದ್ದ ಆಗಿ, ಗಿಡ ಕುಳ್ಳಾಗಿ ನಿಂತುಬಿಟ್ಟಿತು. ಕೊನೆಗೆ ಕೃಷಿ ಓದಿದ ಹುಡುಗನೊಬ್ಬ ಬಂದು ಎಲೆ ಹಿಂದೆ ಭೂತಗನ್ನಡಿ ಹಿಡಿದು ನೋಡಿ, ಅಣ್ಣಾ ಇದು ಕೀಟವೇ ಅಲ್ಲ ಅಂದ.

ಹುಳದ ಹಿಂದೆ

ಬಸಣ್ಣ, ಇದು ಹಾವೇರಿ, ಗದಗ ಕಡೆ ಬಹಳ ಆಗುತ್ತದೆ. ಓದುವವರಿಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೆಣಸಿನ ಎಲೆ ಎರಡು ರೀತಿ ಮುದುಡುತ್ತದೆ. ಅಂಚು ಮೇಲಕ್ಕೆ ಎದ್ದು ದೋಣಿಯಾಕಾರ ಬಂದರೆ ಸಾಮಾನ್ಯವಾಗಿ ಥ್ರಿಪ್ಸ್. ಅದು ಕೀಟ: ಆರು ಕಾಲು, ಒಂದು ಜೊತೆ ಮೀಸೆ, ಅಂಚಿಗೆ ಕೂದಲಿರುವ ಸಪೂರ ರೆಕ್ಕೆ. ಅಂಚು ಕೆಳಕ್ಕೆ ಬಾಗಿ ತೊಟ್ಟು ಉದ್ದವಾದರೆ ನುಸಿ. ಅದಕ್ಕೆ ಮೀಸೆ ಇಲ್ಲ, ರೆಕ್ಕೆ ಇಲ್ಲ, ತಲೆ-ಎದೆ-ಹೊಟ್ಟೆ ಅಂತ ಭಾಗಗಳೂ ಕಾಣುವುದಿಲ್ಲ. ಜೇಡನ ಬಳಗದ್ದು. ಎರಡೂ ಒಟ್ಟಿಗೆ ಇದ್ದರೆ ಎಲೆ ಎರಡೂ ಕಡೆ ತಿರುಚಿಕೊಂಡಿರುತ್ತದೆ, ಆಗ ಕನ್ನಡಿ ಇಲ್ಲದೆ ಆಗುವುದಿಲ್ಲ.

ಔಷಧಿಗೆ ಯಾಕೆ ವ್ಯತ್ಯಾಸ? ಎಷ್ಟೋ ಕೀಟನಾಶಕಗಳು ಕೀಟದ ನರಮಂಡಲದ ಒಂದು ನಿರ್ದಿಷ್ಟ ಜಾಗಕ್ಕೆ ಅಂಟಿಕೊಂಡು ಕೆಲಸ ಮಾಡುತ್ತವೆ. ಇಮಿಡಾಕ್ಲೋಪ್ರಿಡ್ ಅಂಥದ್ದು. ನುಸಿಗೆ ಅದು ಹೆಚ್ಚೇನೂ ತಟ್ಟುವುದಿಲ್ಲ. ಸಿಂಥೆಟಿಕ್ ಪೈರೆಥ್ರಾಯ್ಡ್ ಅನ್ನುವ ಬಗೆಯ ಕೀಟನಾಶಕ ಹೊಡೆದರೆ ಇನ್ನೂ ಕಷ್ಟ. ಗಿಡದ ಮೇಲೆ ಕೆಟ್ಟ ನುಸಿಯನ್ನು ತಿನ್ನುವ ಒಳ್ಳೆಯ ನುಸಿಗಳಿರುತ್ತವೆ, ಅವು ಮೊದಲು ಸಾಯುತ್ತವೆ. ತಿನ್ನುವವರು ಹೋದ ಮೇಲೆ ಉಳಿದವಕ್ಕೆ ಹಬ್ಬ. ನಿಮ್ಮ ಹೊಲದಲ್ಲಿ ಜಾಸ್ತಿಯಾಗಿದ್ದು ಇದಕ್ಕೇ ಇರಬೇಕು. ಗಂಧಕ ಅಥವಾ ನುಸಿಗೆಂದೇ ಇರುವ ನುಸಿನಾಶಕ ಬೇಕಿತ್ತು. ಪ್ರಮಾಣ ಇಲ್ಲಿ ಕೇಳಬೇಡಿ, ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ.

ಜಯನಗರ ಕಾಕಾ

ಸರಿ, ಆದರೂ ಆ ನುಸಿಗೆ ಎಂಟು ಕಾಲು ಇರುತ್ತದಲ್ಲವೇ? ಕಾಲು ಎಣಿಸಿದ್ದರೂ ಗೊತ್ತಾಗುತ್ತಿತ್ತು. ನನ್ನ ವಾದ ಇನ್ನೂ ನಿಂತಿದೆ.

ತಿಪಟೂರು ತೆಂಗು

ಕಾಕಾ ಅವರೇ, ನಮ್ಮ ತೆಂಗಿನ ನುಸಿಗೆ ಕಾಲು ನಾಲ್ಕೇ.

ತಮಾಷೆ ಅಲ್ಲ. 1998ರಲ್ಲಿ ಕೇರಳದ ಎರ್ನಾಕುಲಂ ಕಡೆ ಮೊದಲು ಕಂಡ ಆ ಪೀಡೆ ಆಮೇಲೆ ನಮ್ಮ ತೋಟಗಳಿಗೂ ಬಂತು. ಎಳನೀರಿನ ಮೇಲೆ ಕಂದು ಕಲೆ, ಬಿರುಕು, ಕಾಯಿ ಸಣ್ಣ, ಸಿಪ್ಪೆ ಗಟ್ಟಿ. ಸುಲಿಯುವವರು ಇಂಥ ಕಾಯಿ ಕಂಡರೆ ಮುಖ ತಿರುಗಿಸುತ್ತಾರೆ. ತೊಟ್ಟಿನ ಎಸಳಿನ ಒಳಗೆ ಬಚ್ಚಿಟ್ಟುಕೊಂಡು ರಸ ಹೀರುತ್ತದೆ, ಹಾಗಾಗಿ ಹೊರಗೆ ಹೊಡೆದ ಔಷಧಿ ಮುಟ್ಟುವುದೇ ಕಷ್ಟ. ತರಬೇತಿಗೆ ಹೋದಾಗ ಸೂಕ್ಷ್ಮದರ್ಶಕದಲ್ಲಿ ತೋರಿಸಿದರು. ಉದ್ದ ಒಂದು ಮಿಲಿಮೀಟರಿನ ಕಾಲು ಭಾಗವೂ ಇಲ್ಲ. ಬಿಳಿ ದಾರದ ತುಂಡು, ಮುಂದುಗಡೆ ಎರಡು ಜೊತೆ ಕಾಲು, ಅಷ್ಟೇ. ಹಿಂದಿನ ಎರಡು ಜೊತೆ ಹೋಗಿಯೇಬಿಟ್ಟಿವೆ.

ಜಯನಗರ ಕಾಕಾ

ನಾಲ್ಕು ಕಾಲಿನ ಜೇಡನ ನೆಂಟ! ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಮುಂದುವರಿಸಿ.

ಕುಂದಾಪ್ರದ ಅಕ್ಕ

ಎರಡು ಜೊತೆ ಮೀಸೆ ನೋಡಲು ಕನ್ನಡಿ ಬೇಡ. ಚಟ್ಲಿ, ಅಂದರೆ ಸೀಗಡಿ ತನ್ನಿ.

ದೊಡ್ಡ ಚಟ್ಲಿಯ ತಲೆ ಮುರಿಯುವ ಮೊದಲು ತಟ್ಟೆಯಲ್ಲಿ ಇಟ್ಟು ನೋಡಿ. ಮೈಗಿಂತ ಉದ್ದ ಇರುವ, ಕೈಗೆ ಸಿಕ್ಕಿಹಾಕಿಕೊಳ್ಳುವ ಕೆಂಪು ಮೀಸೆ ಒಂದು ಜೊತೆ. ಅದರ ಮೇಲೆ, ಕಣ್ಣಿನ ನಡುವೆ, ಕವಲೊಡೆದ ಗಿಡ್ಡ ಮೀಸೆ ಇನ್ನೊಂದು ಜೊತೆ. ಸಾಮಾನ್ಯವಾಗಿ ಎಲ್ಲರೂ ಉದ್ದದ್ದು ಮಾತ್ರ ನೋಡುತ್ತಾರೆ. ಮತ್ತೆ ಹೊಟ್ಟೆಯ ಕೆಳಗೆ ಎಲೆಯ ಹಾಗೆ ಬಡಿಯುವ ಐದು ಜೊತೆ ಈಜುಗಾಲು ಇವೆ. ನಡೆಯುವ ಹತ್ತು ಕಾಲು ಬೇರೆ. ಅವನ್ನೂ ಸೇರಿಸಿದರೆ 'ಹತ್ತಿದ್ದರೆ ಸೀಗಡಿ' ಅನ್ನುವುದೂ ಸುಳ್ಳೇ.

ಏಡಿಯಲ್ಲಿ ಮೀಸೆ ಹುಡುಕಬೇಕು, ಎರಡು ಕಣ್ಣಿನ ಮಧ್ಯೆ ಪುಟ್ಟದಾಗಿ ಇರುತ್ತದೆ. ಏಡಿಯ ಬಾಲ ಎಲ್ಲಿ ಅಂತ ಮಕ್ಕಳು ಕೇಳಿದರೆ ಮಗುಚಿ ಹಾಕಿ. ಹೊಟ್ಟೆಯ ಕೆಳಗೆ ಮಡಚಿಕೊಂಡಿರುವ ಮುಚ್ಚಳವೇ ಬಾಲ. ಅಗಲ ಇದ್ದರೆ ಹೆಣ್ಣು, ಕಿರಿದಾಗಿ ಚೂಪಾಗಿದ್ದರೆ ಗಂಡು. ಮೀನು ಮಾರ್ಕೆಟ್ಟಿನಲ್ಲಿ ನಾವು ಆರಿಸುವುದು ಹೀಗೆಯೇ.

ಇನ್ನೊಂದು. ದೋಣಿಯ ತಳಕ್ಕೆ, ಬಂಡೆಗೆ ಅಂಟಿಕೊಂಡು ಕಾಲು ಕುಯ್ಯುವ ಬಿಳಿ ಚಿಪ್ಪು ಇದೆಯಲ್ಲ, ಬಾರ್ನಕಲ್ ಅಂತಾರೆ. ಅದೂ ಚಟ್ಲಿಯ ಬಳಗ ಅಂತ ಮಗಳು ಹೇಳಿದಳು. ಚಿಪ್ಪು ನೋಡಿದರೆ ಮಳಿಯ, ಅಂದರೆ ಕಪ್ಪೆಚಿಪ್ಪಿನ ನೆಂಟ ಅನ್ನಬೇಕು. ಹೌದಾ?

ಹುಳದ ಹಿಂದೆ

ಅಕ್ಕಾ, ಮಗಳು ಹೇಳಿದ್ದು ಸರಿ. ವಿಜ್ಞಾನಿಗಳೂ ಬಹಳ ಕಾಲ ಅದನ್ನು ಮಳಿ, ಶಂಖಗಳ ಜೊತೆಗೇ ಇಟ್ಟಿದ್ದರು. 1830ರಲ್ಲಿ ಜಾನ್ ವಾನ್ ಥಾಂಪ್ಸನ್ ಅದರ ಮರಿಗಳು ಸೀಗಡಿ ಮರಿಗಳಂತೆ ನೀರಲ್ಲಿ ಈಜುವುದನ್ನು ತೋರಿಸಿದ ಮೇಲೆ ಜಾಗ ಬದಲಾಯಿತು. ಮರಿ ಈಜಿಕೊಂಡು ಹೋಗಿ ತಲೆ ಕೆಳಗಾಗಿ ಬಂಡೆಗೆ ಅಂಟಿಕೊಳ್ಳುತ್ತದೆ, ಸುತ್ತ ಚಿಪ್ಪು ಕಟ್ಟುತ್ತದೆ, ಆಮೇಲೆ ಜೀವನಪೂರ್ತಿ ಕಾಲುಗಳನ್ನು ಹೊರಗೆ ಬೀಸಿ ನೀರಿನಿಂದ ಆಹಾರ ಸೋಸಿಕೊಳ್ಳುತ್ತದೆ. ಚಾರ್ಲ್ಸ್ ಡಾರ್ವಿನ್ 1846ರಿಂದ 1854ರವರೆಗೆ ಎಂಟು ವರ್ಷ ಇದರ ಹಿಂದೆಯೇ ಬಿದ್ದಿದ್ದ.

ಮಾವಿನ ತೋಪು

ಸುಮ್ನೆ ಒಂದು ಪ್ರಶ್ನೆ. ನಮ್ಮ ಮಾವಿನ ಮರದಲ್ಲಿ ಚಗಳಿ ಕೊಟ್ಟೆ ಇದೆ. ಕೆಲವರು ಕೆಂಜಿಗ ಅಂತಾರೆ, ಎಲೆ ಹೊಲಿದು ಗೂಡು ಮಾಡುವ ಕೆಂಪಿರುವೆ. ಆ ಸಾಲಿನ ಪಕ್ಕದಲ್ಲಿ ಒಂದು ಚಗಳಿ ಮಾತ್ರ ಬೇರೆ ಥರ ಓಡಾಡುತ್ತದೆ. ಬೇರೆಯವು ಹತ್ತಿರ ಬಂದರೆ ತಪ್ಪಿಸಿಕೊಳ್ಳುತ್ತದೆ. ಎಲೆ ಅಲುಗಾಡಿಸಿದೆ, ದಾರ ಬಿಟ್ಟುಕೊಂಡು ಕೆಳಗೆ ಇಳಿಯಿತು! ಇರುವೆ ದಾರ ಬಿಡುತ್ತದಾ?

ಹುಳದ ಹಿಂದೆ

ಇಲ್ಲ. ನೀವು ನೋಡಿದ್ದು ಇರುವೆ ವೇಷದ ಜೇಡ, ನೆಗೆಯುವ ಜೇಡಗಳ ಪೈಕಿ. ಮುಂದಿನ ಜೊತೆ ಕಾಲನ್ನು ಎತ್ತಿ ಮೀಸೆಯ ಹಾಗೆ ಆಡಿಸುತ್ತದೆ, ನಡೆಯುವುದು ಉಳಿದ ಆರರಲ್ಲಿ. ತಲೆಯ ಹಿಂದೆ ಮೈ ಸೊಂಟದಂತೆ ಸಣ್ಣಗಾಗಿ, ತಲೆ-ಎದೆ ಬೇರೆ ಇದ್ದ ಹಾಗೆ ಕಾಣುತ್ತದೆ. ಕಾಕಾ ಸೂತ್ರ ಹಾಕಿದರೆ ಆರು ಕಾಲು, ನನ್ನ ಸೂತ್ರ ಹಾಕಿದರೆ ಒಂದು ಜೊತೆ ಮೀಸೆ. ಎರಡರಲ್ಲೂ ಕೀಟ ಅನ್ನುವ ಉತ್ತರವೇ ಬರುತ್ತದೆ!

ಕಣ್ಣು ನೋಡಿ. ಚಗಳಿಗೆ ತಲೆಯ ಎರಡೂ ಬದಿಗೆ ಒಂದೊಂದು ಸಂಯುಕ್ತ ಕಣ್ಣು (ಹಲವು ಪುಟ್ಟ ಕಣ್ಣು ಸೇರಿ ಆದದ್ದು). ಈ ಜೇಡಕ್ಕೆ ಮುಂದುಗಡೆ ಹೊಳೆಯುವ ಎರಡು ದೊಡ್ಡ ಕಣ್ಣು, ಸುತ್ತ ಚಿಕ್ಕವು, ಒಟ್ಟು ಎಂಟು. ಗಂಡಿನ ದವಡೆ ಎಷ್ಟು ಉದ್ದ ಎಂದರೆ, ಒಂದು ಇರುವೆ ಇನ್ನೊಂದನ್ನು ಕಚ್ಚಿಕೊಂಡು ಹೋಗುವ ಹಾಗೆ ಕಾಣುತ್ತದೆ. ಸಾಧ್ಯವಾದರೆ ಫೋಟೋ ಹಾಕಿ.

ಮಾವಿನ ತೋಪು

ಫೋಟೋ ತೆಗೆಯಲು ಹೋಗಿ ಚಗಳಿ ಕೈಗೆಲ್ಲ ಹತ್ತಿದವು. ಜೇಡ ಸಿಗಲಿಲ್ಲ. ಮನೆಯಲ್ಲಿ ಚಟ್ನಿ ಮಾತ್ರ ಆಯಿತು.

ಆರೋಗ್ಯ ಕಾರ್ಯಕರ್ತೆ, ಸಾಗರ

ಮೇಷ್ಟ್ರೇ, ಉಣುಗಿನ ವಿಷಯಕ್ಕೆ ಬರುತ್ತೇನೆ. ಹುಳದ ಹಿಂದೆಯವರು ಒಂದೇ ಸಾಲಿನಲ್ಲಿ ಹೇಳಿ ಬಿಟ್ಟರು. ನಮ್ಮ ಕಡೆಯವರು ಪೂರ್ತಿ ಓದಬೇಕಾದ ಭಾಗ ಇದು.

ಉಣುಗು ಮೊಟ್ಟೆಯಿಂದ ಬಂದಾಗ ಆರು ಕಾಲು. ಒಮ್ಮೆ ರಕ್ತ ಕುಡಿದು ಪೊರೆ ಬಿಟ್ಟ ಮೇಲೆ ಎಂಟು. ಈ ನಡುವಿನ ಹಂತಕ್ಕೆ ನಿಂಫ್ ಅಂತಾರೆ. ಇನ್ನೊಮ್ಮೆ ಕುಡಿದು ಪೊರೆ ಬಿಟ್ಟರೆ ದೊಡ್ಡ ಉಣುಗು. ಉಣುಗಿನಿಂದ ಹರಡುವ ಮಂಗನ ಕಾಯಿಲೆ ನಮ್ಮ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲೇ 1957ರಲ್ಲಿ ಪತ್ತೆಯಾಗಿದ್ದು. ಇಂಗ್ಲಿಷ್ ಹೆಸರಿನಲ್ಲಿ ಆ ಊರೇ ಇದೆ. ಮನುಷ್ಯರಿಗೆ ಅದನ್ನು ಹೆಚ್ಚಾಗಿ ಅಂಟಿಸುವುದು ಈ ನಿಂಫ್ ಹಂತ. ಬಹಳ ಚಿಕ್ಕದು, ಮೈಮೇಲೆ ಹತ್ತಿದ್ದು ಗೊತ್ತೇ ಆಗುವುದಿಲ್ಲ. ದೊಡ್ಡವು ಹೆಚ್ಚಾಗಿ ದನದಂಥ ದೊಡ್ಡ ಪ್ರಾಣಿಗೆ ಹತ್ತುತ್ತವೆ. ಮಳೆ ನಿಂತ ಮೇಲೆ ಡಿಸೆಂಬರಿನಿಂದ ಮೇ ತನಕ ಕಾಯಿಲೆ ಜಾಸ್ತಿಯಾಗುವುದೂ ಇದಕ್ಕೇ: ಆಗ ನಿಂಫ್‌ಗಳ ಕಾಲ, ಜನ ದರಗೆಲೆ, ಸೌದೆಗೆ ಕಾಡಿಗೆ ಹೋಗುವ ಕಾಲವೂ ಅದೇ.

ಮಂಗ ಸತ್ತರೆ ಅದರ ಮೈಮೇಲಿನ ಉಣುಗು ಅಲ್ಲೇ ಉದುರುತ್ತವೆ. ಆ ಜಾಗಕ್ಕೆ ಹೋಗಬಾರದು, ಆರೋಗ್ಯ ಇಲಾಖೆಗೆ ತಿಳಿಸಬೇಕು. ಕಾಡಿಗೆ ಹೋಗುವವರು ಇಲಾಖೆ ಕೊಡುವ ಡೀಪಾ ತೈಲ (ಉಣುಗು ಹತ್ತದಂತೆ ತಡೆಯುವ ಎಣ್ಣೆ) ಹಚ್ಚಿಕೊಳ್ಳಿ, ಬಂದ ಮೇಲೆ ಬಿಸಿನೀರಲ್ಲಿ ಸೋಪು ಹಾಕಿ ಸ್ನಾನ ಮಾಡಿ, ಬಟ್ಟೆ ಕುದಿಸಿ ಒಗೆಯಿರಿ. ಹತ್ತಿದ ಉಣುಗನ್ನು ಉಗುರಲ್ಲಿ ಚಿವುಟಿ ಒಡೆಯಬೇಡಿ. ಚಿಮುಟದಿಂದ ಚರ್ಮದ ಹತ್ತಿರ ಹಿಡಿದು ನೇರ ಎಳೆಯಿರಿ. ಮಕ್ಕಳಿಗೆ ತೋರಿಸಲು ಚಿತ್ರ ಸಾಕು.

ಸೊರಬದ ಮೇಷ್ಟ್ರು

ಖಂಡಿತ ಮೇಡಂ. ತಂದ ಡಬ್ಬಿಯನ್ನು ಅವತ್ತೇ ಕುದಿನೀರಿಗೆ ಹಾಕಿದೆವು. ಇದನ್ನು ಶಾಲೆಯ ಗೋಡೆಗೂ ಬರೆಸುತ್ತೇನೆ.

ರಾಮನಗರ ಚಂದ್ರಿಕೆ

ನೀವೆಲ್ಲ ವ್ಯತ್ಯಾಸ ಹೇಳುತ್ತಿದ್ದೀರಿ. ಇವೆಲ್ಲವನ್ನೂ ಒಂದೇ ಗುಂಪಿಗೆ ಯಾಕೆ ಹಾಕಿದ್ದಾರೆ ಅಂತ ಮಕ್ಕಳು ಕೇಳಿದರೆ ನಮ್ಮ ಹುಳುಮನೆಗೆ ಕರೆದುಕೊಂಡು ಬನ್ನಿ.

ರೇಷ್ಮೆ ಹುಳ ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ. ಪೊರೆ ಬಿಡುವುದಕ್ಕೆ ನಾವು ಜ್ವರ ಅಂತೀವಿ. ಸೊಪ್ಪು ಮುಟ್ಟುವುದಿಲ್ಲ, ತಲೆ ಎತ್ತಿಕೊಂಡು ಅಲುಗದೆ ಕೂತುಬಿಡುತ್ತದೆ. ಆ ಹೊತ್ತಿನಲ್ಲಿ ಸೊಪ್ಪು ಹಾಕುವ ಹಾಗಿಲ್ಲ, ಸುಣ್ಣದ ಪುಡಿ ಉದುರಿಸಿ ತಟ್ಟೆ ಒಣಗಿಸುತ್ತೇವೆ. ಹತ್ತಿರದಿಂದ ನೋಡಿದರೆ ಹಳೆ ಮುಖದ ಹಿಂದೆ ಹೊಸ ತಲೆ ದಪ್ಪಗೆ ಉಬ್ಬಿರುತ್ತದೆ. ಆಮೇಲೆ ಹಳೇ ಚರ್ಮ ಹರಿದು, ಹುಳ ಮುಂದಕ್ಕೆ ತೆವಳಿ ಅದನ್ನು ಬಾಲದ ಹಿಂದೆ ಬಿಡುತ್ತದೆ. ತಲೆಯ ಚಿಪ್ಪು ಬೇರೆ ಉದುರುತ್ತದೆ, ಕಪ್ಪು ಚುಕ್ಕೆಯ ಹಾಗೆ ಸಿಗುತ್ತದೆ. ಹೊಸದಾಗಿ ಎದ್ದ ಹುಳದ ಮೈ ಸಡಿಲ, ಬಣ್ಣ ಮಾಸಲು. ಎಲ್ಲ ಎದ್ದ ಮೇಲೇ ಸೊಪ್ಪು. ಮೊದಲು ಎದ್ದವಕ್ಕೆ ಕೊಟ್ಟುಬಿಟ್ಟರೆ ಹಿಂದೆಮುಂದೆ ಆಗಿ, ಹಣ್ಣಾಗುವಾಗ (ಗೂಡು ಕಟ್ಟಲು ಸಿದ್ಧವಾಗುವಾಗ) ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವ ತಟ್ಟೆಗೆ ಒಟ್ಟಿಗೆ ಬರುವುದಿಲ್ಲ.

ಏಡಿಗೂ ಇದೇ ಕಥೆ ಅಂತ ಕೇಳಿದ್ದೇನೆ, ನಿಜವೇ?

ಕುಂದಾಪ್ರದ ಅಕ್ಕ

ನಿಜ. ಪೊರೆ ಬಿಟ್ಟ ಏಡಿ ಮೆತ್ತಗೆ ಇರುತ್ತದೆ, ಒತ್ತಿದರೆ ತಗ್ಗುತ್ತದೆ. ತೂಕಕ್ಕೆ ನೀರು ಜಾಸ್ತಿ, ಮಾಂಸ ಕಡಿಮೆ. ನಮ್ಮ ಮನೆಯಲ್ಲಿ ತರುವುದಿಲ್ಲ.

ಹುಳದ ಹಿಂದೆ

ಚಂದ್ರಿಕೆಯವರು ಸರಿಯಾದ ಜಾಗಕ್ಕೆ ಕೈಹಾಕಿದರು. ಹೊರಗಿನ ಕೈಟಿನ್ ಕವಚ ಬೆಳೆಯುವುದಿಲ್ಲ, ಹಾಗಾಗಿ ಬೆಳೆಯಬೇಕಾದರೆ ಬಿಚ್ಚಿ ಹಾಕಲೇಬೇಕು. ಇರುವೆಯಿಂದ ಏಡಿಯವರೆಗೆ ಇದರಿಂದ ಯಾರಿಗೂ ವಿನಾಯಿತಿ ಇಲ್ಲ. ಪೊರೆ ಬಿಡಿಸುವ ಹಾರ್ಮೋನು ಎಕ್ಡೈಸೋನ್. 1954ರಲ್ಲಿ ಜರ್ಮನಿಯ ಬುಟೆನಾಂಟ್ ಮತ್ತು ಕಾರ್ಲ್‌ಸನ್ ಅದನ್ನು ಮೊದಲ ಬಾರಿ ಶುದ್ಧವಾಗಿ ತೆಗೆದದ್ದು ರೇಷ್ಮೆ ಗೂಡಿನ ಒಳಗಿನ ಕೋಶಗಳಿಂದಲೇ (ಪ್ಯೂಪಾ). ಸುಮಾರು 500 ಕಿಲೋ ಕೋಶ ಅರೆದು ಸಿಕ್ಕಿದ್ದು 25 ಮಿಲಿಗ್ರಾಂ. ಏಡಿ-ಸೀಗಡಿ ಪೊರೆ ಬಿಡುವುದೂ ಇದೇ ಹಾರ್ಮೋನಿನ ಬಳಗದಿಂದ ಅಂತ ಆಮೇಲೆ ಗೊತ್ತಾಯಿತು. ಹಣ್ಣಾಗುವ ಹುಳಗಳು ಒಟ್ಟಿಗೆ ಗೂಡು ಕಟ್ಟಲಿ ಅಂತ ನೀವು ಸೊಪ್ಪಿಗೆ ಸಿಂಪಡಿಸುವ ಔಷಧಿ ಇದೆಯಲ್ಲ, ಅದರಲ್ಲೂ ಇರುವುದು ಗಿಡದಿಂದ ತೆಗೆದ ಇದೇ ಜಾತಿಯ ಹಾರ್ಮೋನು.

ಇನ್ನು ಆ ಉಂಡೆ ಹುಳಗಳು. ಮೇಷ್ಟ್ರೇ, ಎರಡೂ ಒಂದಲ್ಲ, ಹತ್ತಿರದ ನೆಂಟರೂ ಅಲ್ಲ. ಹೂಕುಂಡದ್ದು ಏಡಿಯ ಬಳಗ! ನೆಲದ ಮೇಲೆ ಬದುಕಲು ಕಲಿತ ಕೆಲವೇ ಏಡಿ-ಬಂಧುಗಳಲ್ಲಿ ಒಂದು. ಏಳು ಜೊತೆ ಕಾಲು, ಒಂದು ತುಂಡಿಗೆ ಒಂದು ಜೊತೆ. ಕಣ್ಣಿಗೆ ಕಾಣುವ ಮೀಸೆ ಒಂದೇ ಜೊತೆ, ಇನ್ನೊಂದು ಜೊತೆ ಸವೆದು ಚುಕ್ಕೆಯಷ್ಟಾಗಿದೆ. ಹೆಣ್ಣು ಎದೆಯ ಕೆಳಗಿನ ಚೀಲದಲ್ಲಿ ಮೊಟ್ಟೆ ಹೊತ್ತು ತಿರುಗುತ್ತದೆ. ಒಣ ಜಾಗದಲ್ಲಿ ಬೇಗ ಸಾಯುತ್ತದೆ, ಡಬ್ಬಿಯಲ್ಲಿ ಒದ್ದೆ ಎಲೆ ಹಾಕಿಡಿ.

ತೋಟದ ದೊಡ್ಡ ಗೋಲಿ ಸಹಸ್ರಪದಿ. ಆರ್ತ್ರೋಸ್ಫೇರಾ ಅನ್ನುವ ಕುಲ, ದಕ್ಷಿಣ ಭಾರತ, ಶ್ರೀಲಂಕಾದಲ್ಲಿ ಸಿಗುತ್ತದೆ. ಹೆಣ್ಣಿಗೆ 21 ಜೊತೆ ಕಾಲು. ಮಗುಚಿದರೆ ನಡುಮೈಯ ಪ್ರತಿ ತುಂಡಿಗೂ ಎರಡೆರಡು ಜೊತೆ ಕಾಣುತ್ತದೆ. ಸಹಸ್ರಪದಿಗೆ ಅದೇ ಗುರುತು. ತೋಟದ ಸೋಗೆ, ದರಗೆಲೆ ತಿಂದು ಹಿಕ್ಕೆ ಹಾಕಿ ಗೊಬ್ಬರ ಮಾಡುತ್ತದೆ. ನೋಡಿದ ಮೇಲೆ ತೋಟಕ್ಕೇ ವಾಪಸ್ ಬಿಡಿಸಿ.

ಹಳೇ ಮನೆ

ಜರಿಗೆ ನಿಜವಾಗಿ ನೂರು ಕಾಲು ಇರುತ್ತದಾ? ಬಚ್ಚಲಲ್ಲಿ ಕಂಡಾಗಲೆಲ್ಲ ಎಣಿಸುವ ಧೈರ್ಯ ಬಂದಿಲ್ಲ.

ಹುಳದ ಹಿಂದೆ

ಇರುವುದಿಲ್ಲ. ಬೆಳೆದ ಜರಿಗೆ ಕಾಲಿನ ಜೊತೆಗಳು ಯಾವಾಗಲೂ ಬೆಸ: 15, 21, 23 ಹೀಗೆ, ಕೆಲವು ಜಾತಿಗಳಲ್ಲಿ 191ರವರೆಗೆ. ನೂರು ಕಾಲಾಗಬೇಕಾದರೆ 50 ಜೊತೆ ಬೇಕು, ಅದು ಸಮ. ಸಹಸ್ರಪದಿಗೆ ಸಾವಿರ ಕಾಲು ಅನ್ನುವುದೂ ಬಹುಕಾಲ ಉತ್ಪ್ರೇಕ್ಷೆಯೇ ಆಗಿತ್ತು. 2021ರಲ್ಲಿ ಪ್ರಕಟವಾದ ವರದಿಯ ಪ್ರಕಾರ, ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಗಣಿ ಹುಡುಕಲು ಕೊರೆದಿದ್ದ ಬಾವಿಯ 60 ಮೀಟರ್ ಆಳದಿಂದ ಸಿಕ್ಕ ಒಂದಕ್ಕೆ 1,306 ಕಾಲು ಇದ್ದವು.

ಜರಿ ಬೇಟೆಗಾರ, ಚುಚ್ಚಿದರೆ ಚೆನ್ನಾಗಿಯೇ ಉರಿಯುತ್ತದೆ. ಸಹಸ್ರಪದಿ ಚುಚ್ಚುವುದಿಲ್ಲ, ಆದರೆ ಕೆಲವು ಜಾತಿಗಳು ಮೈ ಬದಿಯಿಂದ ಘಾಟು ರಸ ಬಿಡುತ್ತವೆ. ಮುಟ್ಟಿದ ಕೈ ಕಣ್ಣಿಗೆ ಹೋಗದಿರಲಿ.

ನ್ಯೂಜೆರ್ಸಿ ಕನ್ನಡಿಗ

ತಡವಾಗಿ ಬಂದೆ. ಇಲ್ಲಿ ಹತ್ತಿರದ ಡೆಲವೇರ್ ಕೊಲ್ಲಿಯಲ್ಲಿ ಮೇ-ಜೂನ್ ಹುಣ್ಣಿಮೆ, ಅಮಾವಾಸ್ಯೆಯ ರಾತ್ರಿಗಳಲ್ಲಿ ಕುದುರೆ ಲಾಳದ ಆಕಾರದ ಏಡಿಗಳು ಮೊಟ್ಟೆ ಇಡಲು ದಡಕ್ಕೆ ಸಾಲುಸಾಲು ಬರುತ್ತವೆ. ರಕ್ತ ನೀಲಿ, ಲಸಿಕೆ ಪರೀಕ್ಷೆಗೆ ಬಳಸುತ್ತಾರೆ ಅಂತ ಫಲಕ ಹಾಕಿದ್ದಾರೆ. ಹೆಸರಿನಲ್ಲಿ ಏಡಿ ಇದೆ. ಮೀಸೆ ಸೂತ್ರ ಹಾಕಿದರೆ ಏನು ಬರುತ್ತದೆ?

ಹುಳದ ಹಿಂದೆ

ಮೀಸೆ ಇಲ್ಲ. ಅಂದರೆ ಜೇಡ-ಚೇಳಿನ ಕಡೆಯದು. ಬಾಯಿಯ ಮುಂದೆ ಪುಟ್ಟ ಇಕ್ಕಳ ಒಂದು ಜೊತೆ ಇರುತ್ತದೆ, ಜೇಡನ ವಿಷದ ಕೊಕ್ಕೆಯೂ ಮೂಲದಲ್ಲಿ ಅದೇ ಅಂಗ. ಭಾರತದಲ್ಲೂ ಎರಡು ಜಾತಿ ಇವೆ, ಒಡಿಶಾ ಮತ್ತು ಬಂಗಾಳದ ಕರಾವಳಿಯಲ್ಲಿ. ನಮ್ಮ ಪಡುಗಡಲಿನಲ್ಲಿ ಹುಡುಕಬೇಡಿ. ರಕ್ತ ನೀಲಿಯಾಗುವುದು ತಾಮ್ರದಿಂದ. ಏಡಿ, ಚೇಳು, ಎಷ್ಟೋ ಜೇಡಗಳಲ್ಲೂ ಅದೇ. ಕೀಟಗಳಲ್ಲಿ ಗಾಳಿ ಕೊಳವೆಗಳಲ್ಲಿ ನೇರ ಒಳಗೆ ಹೋಗುವುದರಿಂದ ಬಹುತೇಕ ಅವುಗಳ ರಕ್ತಕ್ಕೆ ಆಮ್ಲಜನಕ ಹೊರುವ ಕೆಲಸವೇ ಇಲ್ಲ. ಹಾಗಾಗಿ ಜಿರಲೆ ಒತ್ತಿದರೆ ಕೆಂಪು ಬರುವುದಿಲ್ಲ.

ಜಯನಗರ ಕಾಕಾ

ಒಂದು ಕೊನೇ ತಕರಾರು. ಕೀಟಕ್ಕೂ ಜರಿಗೂ ಒಂದೊಂದು ಜೊತೆ ಮೀಸೆ ಅಂದಿರಿ. ಹಾಗಾದರೆ ಅವೆರಡೂ ಹತ್ತಿರದ ನೆಂಟರು ತಾನೆ?

ಹುಳದ ಹಿಂದೆ

ಒಳ್ಳೆಯ ಪ್ರಶ್ನೆ ಕಾಕಾ. ಬಹಳ ಕಾಲ ಹಾಗೇ ಅಂದುಕೊಂಡಿದ್ದರು. ಮೀಸೆ ಒಂದೇ ಜೊತೆ, ಉಸಿರಾಟಕ್ಕೆ ಗಾಳಿ ಕೊಳವೆ, ಇಬ್ಬರೂ ನೆಲದ ಮೇಲೆ. ಡಿಎನ್‌ಎ ಹೋಲಿಸಲು ಶುರುಮಾಡಿದ ಮೇಲೆ ಚಿತ್ರ ಬದಲಾಯಿತು. ಕೀಟಗಳು ಹೊರಟದ್ದು ಏಡಿ-ಸೀಗಡಿಗಳ ವಂಶದ ಒಳಗಿನಿಂದಲೇ. ನೀರಿನೊಳಗಿನ ಗುಹೆಗಳಲ್ಲಿ ಬದುಕುವ ರೆಮಿಪೀಡ್ ಅನ್ನುವ ಕುರುಡು ಈಜುಗಾರರು ಕೀಟಗಳಿಗೆ ತೀರಾ ಹತ್ತಿರ ಅಂತ ಈಗಿನ ಅಭಿಪ್ರಾಯ. ನೆಲಕ್ಕೆ ಬಂದ ಮೇಲೆ ಎರಡನೇ ಜೊತೆ ಮೀಸೆ ಹೋಯಿತು. ಜರಿ ಬೇರೆ ದಾರಿಯಲ್ಲಿ, ತಾನಾಗಿಯೇ ಅದೇ ಸ್ಥಿತಿಗೆ ಬಂತು. ಗುರುತಿಸಲು ಮೀಸೆ ಸಾಕು, ನೆಂಟಸ್ತನ ಹೇಳಲು ಸಾಲದು.

ಬ್ಯಾಡಗಿ ಬಸು

ಅಂದರೆ ಜಿರಲೆ ಸೀಗಡಿಯ ಸೋದರಸಂಬಂಧಿ. ನಮ್ಮ ಮನೆಯಲ್ಲಿ ಸೀಗಡಿ ತರೋದು ಬಂದ್!

ಕುಂದಾಪ್ರದ ಅಕ್ಕ

ನಮ್ಮ ಪಾಲಿಗೆ ಜಾಸ್ತಿ ಸಿಗುತ್ತದೆ, ಬಿಡಿ. ಅಂದಹಾಗೆ ನನ್ನ ತಂಗಿಗೆ ಚಟ್ಲಿ ತಿಂದರೆ ತುಟಿ ಊದುತ್ತದೆ. ಮನೆಯ ಧೂಳಿಗೂ ಸೀನು. ಎರಡಕ್ಕೂ ಸಂಬಂಧ ಇದೆಯಾ?

ಹುಳದ ಹಿಂದೆ

ಇರಬಹುದು. ಸ್ನಾಯುವಿನಲ್ಲಿ ಟ್ರೋಪೋಮಯೋಸಿನ್ ಅನ್ನುವ ಪ್ರೊಟೀನು ಇದೆ. ಸೀಗಡಿ, ಧೂಳಿನ ನುಸಿ, ಜಿರಲೆ ಮೂರರಲ್ಲೂ ಅದು ಹೆಚ್ಚುಕಡಿಮೆ ಒಂದೇ ಥರ. ಒಂದಕ್ಕೆ ಅಲರ್ಜಿ ಬೆಳೆಸಿಕೊಂಡ ಮೈ ಇನ್ನೊಂದನ್ನೂ ಅದೇ ಅಂತ ತಿಳಿದು ತಿರುಗಿ ಬೀಳಬಹುದು. ಧೂಳಿನ ಅಲರ್ಜಿ ಇರುವ ಎಲ್ಲರಿಗೂ ಸೀಗಡಿ ಆಗುವುದಿಲ್ಲ ಅಂತೇನಿಲ್ಲ. ಆದರೆ ತುಟಿ ಊದುವುದು ಸಣ್ಣ ವಿಷಯ ಅಲ್ಲ ಅಕ್ಕ. ಮತ್ತೊಮ್ಮೆ ತಿಂದು ನೋಡುವ ಸಾಹಸ ಬೇಡ, ಅಲರ್ಜಿ ನೋಡುವ ಡಾಕ್ಟರಿಗೆ ತೋರಿಸಿ. ಏಡಿಯನ್ನೂ ಅಲ್ಲಿಯವರೆಗೆ ಕೊಡಬೇಡಿ.